ಕಾಶಿಯಲ್ಲಿ ಇವರು ಬಿಟ್ಟು ಬಂದದ್ದು

ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಚಿಕ್ಕಂದಿನಿಂದ ಕಿವಿಗೆ ಬಿದ್ದೇ ಬಿದ್ದಿರುತ್ತದೆ. ನಮ್ಮತ್ತೆ ಸೋರೆಕಾಯಿ ಬಿಟ್ಟಿದ್ದರು. ನನ್ನ ದೊಡ್ಡಮ್ಮ ಸೀಬೆಹಣ್ಣು ಬಿಟ್ಟಿದ್ದಳು. ಹಾಗೆ ಬಿಟ್ಟದ್ದನ್ನು ಸಾಯುವವರೆಗೂ ಬಾಯಿಗಿಡುವಂತಿಲ್ಲ. ಇಷ್ಟವಾದದ್ದನ್ನೇ ಬಿಡಬೇಕು ಅನ್ನುವುದು ನಿಯಮ, ಆದರೆ ಬಿಡುವವರು ಬಹಳ ಜಾಣರು. ದೊಡ್ಡಮ್ಮನಿಗೆ ಸೀಬೆಹಣ್ಣು ಕಚ್ಚಿದರೆ ಮೊದಲಿನಿಂದಲೂ ಹಲ್ಲು ಜುಮ್ಮೆನ್ನುತ್ತಿತ್ತು. ಗಯೆಯಲ್ಲಿ ಬಿಡಬೇಕು ಎನ್ನುವವರೂ ಇದ್ದಾರೆ. ನಮ್ಮಲ್ಲಿ ಕಾಶಿಯೆಂದೇ ರೂಢಿ.

ನಮ್ಮವರು ಕಾಶಿಯಲ್ಲಿ ಏನು ಬಿಟ್ಟರು ಎನ್ನುವುದು ನನಗೆ ತಿಳಿದದ್ದು ದೆಹಲಿಗೆ ವಾಪಸು ಬಂದ ಮೇಲೆ. ಅವರ ಪಕ್ಕದಲ್ಲೇ ಕೂತಿದ್ದೆ, ಅವರ ಕೈಯನ್ನೇ ಮುಟ್ಟಿಕೊಂಡಿದ್ದೆ, ಆದರೂ ತಿಳಿಯಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ನನ್ನ ಸಿಟ್ಟು ನಮ್ಮ ಬಂಧುಬಳಗದಲ್ಲೆಲ್ಲ ಹೆಸರುವಾಸಿ. ಇವರಿಗಂತೂ ಅದು ನಲವತ್ತು ವರ್ಷದ ನೆರೆಮನೆಯವರಷ್ಟು ಪರಿಚಯ.

ಇವರು ಕೇಂದ್ರ ಸರ್ಕಾರದ ಒಂದು ಸಚಿವಾಲಯಕ್ಕೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಕ್ವಾರ್ಟರ್ಸ್ ಖಾಲಿ ಮಾಡಿ ನಾವು ದೆಹಲಿಯ ಅಂಚಿಗೇ ಇರುವ ಇಂದಿರಾಪುರಂನ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಬಂದೆವು. ಕೆಮ್ಮು ಶುರುವಾದಾಗ ಅದನ್ನು ಕಾಯಿಲೆ ಅಂದುಕೊಳ್ಳಲೇ ಇಲ್ಲ. ದೀಪಾವಳಿ ಹತ್ತಿರ ಬಂತೆಂದರೆ ಇಲ್ಲಿ ಕೆಮ್ಮದವರು ಯಾರು? ಲಿಫ್ಟಿನಲ್ಲಿ ಎಲ್ಲರೂ ಕೆಮ್ಮುತ್ತಾರೆ, ಗೇಟಿನ ಗಾರ್ಡ್ ಕೆಮ್ಮುತ್ತಾನೆ, ತರಕಾರಿ ಭಯ್ಯಾ ಕೆಮ್ಮುತ್ತಲೇ ತೂಕ ಹಾಕುತ್ತಾನೆ. ಎದುರಿನ ಟವರ್ ಕಾಣದಷ್ಟು ಹೊಗೆ ಕವಿದ ದಿನಗಳಲ್ಲಿ ಇವರು ಮಫ್ಲರ್ ಸುತ್ತಿಕೊಂಡು, ಶುಂಠಿ ಕಷಾಯ ಕುಡಿಯುತ್ತ ಕೂರುತ್ತಿದ್ದರು. ಚಳಿ ಹೋಯಿತು, ಹೋಳಿ ಬಂತು, ಕೆಮ್ಮು ಹೋಗಲಿಲ್ಲ. ಒಂದು ದಿನ ಕರ್ಚೀಫಿನಲ್ಲಿ ರಕ್ತ ಕಂಡಿತು. ಒಂದು ಬೀಡಿಯನ್ನೂ ಸೇದಿದ ಮನುಷ್ಯನಲ್ಲ. ಶ್ವಾಸಕೋಶದ ಕ್ಯಾನ್ಸರ್ ಅಂದರು.

ಆ ಬೇಸಿಗೆ, ಆ ಮಳೆಗಾಲ ಪೂರ್ತಿ ಆಸ್ಪತ್ರೆಯಲ್ಲೇ ಕಳೆಯಿತು. ಕೀಮೋ ಕೊಡುವ ಹಾಲಿನಲ್ಲಿ ಸಾಲಾಗಿ ಒರಗುಕುರ್ಚಿಗಳಿದ್ದವು. ಒಂದೊಂದರಲ್ಲೂ ಒಬ್ಬೊಬ್ಬರು, ಕೈಗೆ ಸೂಜಿ, ಪಕ್ಕದಲ್ಲಿ ಸ್ಟೀಲ್ ಡಬ್ಬಿ ಹಿಡಿದ ಹೆಂಡತಿಯೋ ಮಗನೋ. ಗೋಡೆಯ ಟಿವಿಯಲ್ಲಿ ಇಡೀ ದಿನ ಭಜನೆ. ಮನೆಗೆ ಬಂದ ಮೇಲೆ ಇವರಿಗೆ ಬಾಯೆಲ್ಲ ಹುಣ್ಣು. ಸಾರು ಕಲಸಿ ಕೊಟ್ಟರೆ ಕಬ್ಬಿಣದ ಮೊಳೆ ನೆಕ್ಕಿದ ಹಾಗಿದೆ ಎನ್ನುತ್ತಿದ್ದರು. ಊಟದ ಮನುಷ್ಯ ಅವರು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಹುಳಿಗೆ ಇಂಗು ಸಾಲದು ಎಂದು ಹೇಳಿ ಬೈಸಿಕೊಂಡವರು. ಅಂಥವರು ತಟ್ಟೆಯ ಮುಂದೆ ಕೂತು, ಔಷಧಿ ನುಂಗುವ ಹಾಗೆ ಕಣ್ಣು ಮುಚ್ಚಿಕೊಂಡು ಅನ್ನ ನುಂಗುವುದನ್ನು ನಾನು ದಿನವೂ ನೋಡುತ್ತಿದ್ದೆ. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ದಸರಾ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿದರು. ಕುಗ್ಗಿದ್ದ ಗೆಡ್ಡೆ ಮತ್ತೆ ಬೆಳೆದಿತ್ತು. ಬೇರೆ ಔಷಧಿ ಹಾಕಿ ನೋಡೋಣ, ಸ್ವಲ್ಪ ಜೋರಿನದು, ನಡುವೆ ದೇಹ ಸುಧಾರಿಸಿಕೊಳ್ಳಲಿ ಎಂದರು ಡಾಕ್ಟರು. ಆಗ ಇವರು ಮೆಲ್ಲಗೆ, "ಆ ನಡುವೆ ಕಾಶಿಗೆ ಹೋಗಿ ಬರಬಹುದಾ?" ಎಂದು ಕೇಳಿದರು. ಡಾಕ್ಟರು ಮಾಸ್ಕ್ ಹಾಕಿಕೊಳ್ಳಿ, ಹೊರಗಿನ ನೀರು ಕುಡಿಯಬೇಡಿ ಎಂದು ಹೇಳಿ ಒಪ್ಪಿದರು. ವಾಪಸು ಬಂದ ತಕ್ಷಣ ಔಷಧಿ ಶುರು ಅನ್ನುವ ಮಾತಾಯಿತು. ಇವರು ತಲೆಯಾಡಿಸಿದರು. ನಾನು ಕಣ್ಣಾರೆ ನೋಡಿದ್ದೇನೆ, ತಲೆಯಾಡಿಸಿದರು.

ನಮಗೆ ಒಬ್ಬಳೇ ಮಗಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಗುರುಗ್ರಾಮದಲ್ಲಿ ಕೆಲಸ, ಅಲ್ಲೇ ಗೆಳತಿಯ ಜೊತೆ ವಾಸ. ರಜೆ ಸಿಗದೆ ಅವಳಿಗೆ ಬರಲಾಗಲಿಲ್ಲ. ಫೋನಿನಲ್ಲೇ ರೈಲು, ಹೋಟೆಲು, ಘಾಟಿಗೆ ಹೋಗಲು ಗಾಡಿ ಎಲ್ಲ ಬುಕ್ ಮಾಡಿ, "ಅಮ್ಮ, ಅಪ್ಪನ್ನ ಜ್ಯಾದಾ ನಡೆಸಬೇಡ, ಓಕೆ? ನೀನು ಫಾಸ್ಟ್ ಆಗಿ ಹೋಗ್ಬಿಡ್ತೀಯ" ಎಂದಳು. ದೀಪಾವಳಿಯ ಹೊಗೆ ಇನ್ನೂ ನೆಲ ಬಿಟ್ಟು ಏಳದ ಒಂದು ಬೆಳಿಗ್ಗೆ ನಾವು ರೈಲು ಹತ್ತಿದೆವು.

ಕಾಶಿಯಲ್ಲಿ ಗಾಳಿ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ಅಲ್ಲೂ ಹೊಗೆಯೇ. ಗಲ್ಲಿಯಲ್ಲಿ ಸ್ಕೂಟರ್ ಹೊಗೆ, ಕಚೋರಿ ಕರಿಯುವ ಹೊಗೆ, ಹೊಳೆಯ ಹತ್ತಿರ ಬಂದರೆ ಹೆಣ ಸುಡುವ ಹೊಗೆ. ಸಂಜೆ ದೋಣಿಯಲ್ಲಿ ಹೋಗುವಾಗ ಮಣಿಕರ್ಣಿಕಾ ಘಾಟಿನ ಎದುರಿಗೆ ಬಂದೆವು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಭಯ್ಯಾ, ಜಲ್ದಿ ಚಲೋ" ಎಂದೆ. ಇವರು ದೋಣಿಯವನಿಗೆ ಕೈ ತೋರಿಸಿ ನಿಲ್ಲಿಸಲು ಹೇಳಿದರು. ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ನೋಡುತ್ತ ಕೂತರು. ಒಂದು ಚಿತೆ ಆರಿತ್ತು, ಇನ್ನೊಂದು ಉರಿಯುತ್ತಿತ್ತು, ಮೆಟ್ಟಿಲಿನ ಮೇಲೆ ಕೇಸರಿ ಬಟ್ಟೆ ಹೊದಿಸಿದ ಹೆಣಗಳು ಸರದಿ ಕಾಯುತ್ತಿದ್ದವು. ಚಿತೆಯ ಪಕ್ಕದಲ್ಲೇ ಒಂದು ಹಸು ಚೆಂಡುಹೂವಿನ ಹಾರ ಮೇಯುತ್ತಿತ್ತು.

"ನೋಡು, ಇಲ್ಲಿ ಯಾರೂ ಗಡಿಬಿಡಿ ಮಾಡ್ತಿಲ್ಲ" ಎಂದರು.

"ಅವರಿಗೇನು ಗಡಿಬಿಡಿ. ನೀವು ಮಾಸ್ಕ್ ಹಾಕ್ಕೊಳ್ಳಿ."

"ನಮ್ಮ ಆಸ್ಪತ್ರೇಲಿ ಎಲ್ಲರಿಗೂ ಗಡಿಬಿಡಿ ಕಣೇ."

ಮಾಸ್ಕನ್ನು ನಾನೇ ಮೇಲಕ್ಕೆಳೆದು ಸರಿಮಾಡಿದೆ. ಚಿಕ್ಕ ಮಕ್ಕಳ ಹಾಗೆ ಮುಖ ಕೊಟ್ಟು ಕೂತಿದ್ದರು.

ಮಾರನೆಯ ಬೆಳಿಗ್ಗೆ ಪುರೋಹಿತರ ಹತ್ತಿರ ಹೋದೆವು. ತಲೆತಲಾಂತರದಿಂದ ಕಾಶಿಯಲ್ಲೇ ನೆಲೆಸಿದ ಕನ್ನಡದವರು, ದೆಹಲಿಯ ನಮ್ಮ ಪರಿಚಯದವರೆಲ್ಲ ಅವರಲ್ಲಿಗೇ ಹೋಗುವುದು. ಅವರ ಕನ್ನಡಕ್ಕೆ ಹಿಂದಿಯ ಎಳೆತ ಬಂದುಬಿಟ್ಟಿತ್ತು. ಘಾಟಿನ ಮೆಟ್ಟಿಲ ಮೇಲೆ, ಬಿದಿರಿನ ದೊಡ್ಡ ಕೊಡೆಯ ಕೆಳಗೆ ನಮ್ಮಿಬ್ಬರನ್ನೂ ಕೂರಿಸಿದರು. ಇವರ ಬಲಕ್ಕೆ ನಾನು. ನದಿಯ ಮೇಲೆ ಮಂಜು, ಆಚೆ ದಡ ಕಾಣುತ್ತಿರಲಿಲ್ಲ. ಕಲ್ಲು ತಣ್ಣಗೆ ಕೊರೆಯುತ್ತಿತ್ತು, ಇವರ ಮೊಣಕಾಲಿನ ಮೇಲೆ ಶಾಲು ಹೊದಿಸಿದೆ.

"ಯಜಮಾನರೇ, ಏನು ಬಿಡ್ತೀರಿ ಅಂತ ಯೋಚನೆ ಮಾಡಿದ್ದೀರೋ?" ಎಂದರು ಪುರೋಹಿತರು. "ಬಾಯಲ್ಲಿ ಹೇಳಲೇಬೇಕು ಅಂತಿಲ್ಲ. ಮನಸ್ಸಿನಲ್ಲಿ ನೆನೆಸಿಕೊಂಡರೆ ಸಾಕು."

"ಮೊದಲು ಇವಳ ಕೋಪ ಬಿಡಿಸಿ, ಸ್ವಾಮಿ. ನಾನು ಆಮೇಲೆ ನೋಡ್ಕೋತೀನಿ."

"ಅದನ್ನ ಬಿಟ್ಟುಬಿಟ್ರೆ ಸಂಸಾರ ಮಾಡೋರು ಯಾರು?" ಎಂದೆ ನಾನು. ಪುರೋಹಿತರು ನಕ್ಕರು. ಇಂಥ ಜೋಡಿಗಳನ್ನು ದಿನಾ ನೋಡುವವರು.

ಸಂಕಲ್ಪ ಶುರುವಾಯಿತು. ಇವರ ಬಲಗೈಯಲ್ಲಿ ಅಕ್ಷತೆ, ಒಂದು ಬಾಳೆಹಣ್ಣು. "ಅಮ್ಮಾ, ಯಜಮಾನರ ಕೈ ಮುಟ್ಟಿಕೊಳ್ಳಿ" ಎಂದು ನನಗೆ ಒಂದು ದರ್ಭೆಯ ಎಳೆ ಕೊಟ್ಟರು. ಇದೂ ನಮ್ಮಲ್ಲಿ ಯಾವ ಕೆಲಸಕ್ಕೂ ಇರುವುದೇ. ಗಂಡ ಸಂಕಲ್ಪ ಮಾಡುತ್ತಾನೆ, ಹೆಂಡತಿ ದರ್ಭೆಯಿಂದ ಅವನ ಕೈ ಮುಟ್ಟಿಕೊಂಡು ಕೂರುತ್ತಾಳೆ. ಆಗ ಅದು ಇಬ್ಬರದೂ ಆಗುತ್ತದೆ. ಗೃಹಪ್ರವೇಶದಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ಮಾವನವರ ತಿಥಿಯಲ್ಲಿ ನಾನು ಹಾಗೆ ಮುಟ್ಟಿಕೊಂಡು ಕೂತು, ಮನಸ್ಸಿನೊಳಗೆ ಪಾಯಸಕ್ಕೆ ಹಾಲು ಸಾಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದವಳು. ಇಲ್ಲೂ ಹಾಗೇ ಮುಟ್ಟಿದೆ. ಇವರಿಗೆ ಚಳಿಯಾಗುತ್ತಿದೆ, ಬೇಗ ಮುಗಿದರೆ ಬಿಸಿ ಬಿಸಿ ಚಹಾ ಕೊಡಿಸಬೇಕು ಎಂದು ಯೋಚಿಸುತ್ತಿದ್ದೆ. ಇವರು ಕಣ್ಣು ಮುಚ್ಚಿ ಸುಮಾರು ಹೊತ್ತು ಕೂತರು. ಆಮೇಲೆ ಕೈ ಬಾಗಿಸಿ ಬಾಳೆಹಣ್ಣನ್ನು ನೀರಿಗೆ ಬಿಟ್ಟರು.

ನನ್ನ ಸರದಿ ಬಂದಾಗ ನಾನು ಬಾಯಿಬಿಟ್ಟೇ ಹಲಸಿನ ಹಣ್ಣು ಎಂದೆ. ದೆಹಲಿಯಲ್ಲಿ ಸಿಗುವುದು ಪಲ್ಯದ ಹಲಸಿನಕಾಯಿ, ಹಣ್ಣು ಕಾಣುವುದೇ ಅಪರೂಪ. ಇವರು ಕೆಮ್ಮಿಕೊಂಡೇ ನಕ್ಕರು. "ಗಂಗೆಗೇ ಟೋಪಿ ಹಾಕಿದೆಯಲ್ಲೇ" ಎಂದರು.

"ನೀವೇನು ಬಿಟ್ರಿ, ಹೇಳಿ ನೋಡೋಣ."

"ಊರಿಗೆ ಹೋದ ಮೇಲೆ ಗೊತ್ತಾಗುತ್ತೆ."

ಊರಿಗೆ ಬಂದ ಮೇಲೆ ನಾನು ಪರೀಕ್ಷೆ ಶುರುಮಾಡಿದೆ. ಆಸ್ಪತ್ರೆಗೆ ಹೋಗುವ ದಿನಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ತಿಂದರು. ಹೀರೇಕಾಯಿ ಸಿಪ್ಪೆಯ ಚಟ್ನಿ ಮಾಡಿದೆ, ತಿಂದರು. ಸೇಬು, ಪಪಾಯಿ, ದಾಳಿಂಬೆ, ಏನು ಮುಂದಿಟ್ಟರೂ ಬೇಡ ಅನ್ನಲಿಲ್ಲ. ಕಾಫಿಯನ್ನೇ ಬಿಟ್ಟಿರಬಹುದು ಎಂದು ಒಂದು ಬೆಳಿಗ್ಗೆ ಡಿಕಾಕ್ಷನ್ ಹಾಕದೆ ಸುಮ್ಮನಿದ್ದೆ. "ಯಾಕೆ, ಪುಡಿ ಮುಗಿದಿದೆಯಾ?" ಎಂದು ಕೇಳಿದರು. ಔಷಧಿ ನಿಂತು ಬಹಳ ದಿನಗಳಾಗಿದ್ದರಿಂದ ಬಾಯಿಯ ಹುಣ್ಣು ಮಾಗಿತ್ತು, ನಾಲಗೆಗೆ ರುಚಿ ಮರಳಿ ಬಂದಿತ್ತು. ಅವರು ಎರಡನೇ ಸಲ ಅನ್ನ ಬಡಿಸಿಕೊಂಡ ದಿನ ನಾನು ಮಗಳಿಗೆ ಫೋನ್ ಮಾಡಿ, ಕಾಶಿಗೆ ಹೋಗಿ ಬಂದದ್ದು ಒಳ್ಳೆಯದಾಯಿತು, ಹೊಸ ಔಷಧಿಯನ್ನು ದೇಹ ತಡೆದುಕೊಳ್ಳುತ್ತದೆ ಎಂದೆ. ಏನು ಬಿಟ್ಟರು ಅಂತ ಮಾತ್ರ ಪತ್ತೆಯಾಗುತ್ತಿಲ್ಲ ಎಂದು ನಗಾಡಿದೆ.

ಆಸ್ಪತ್ರೆಯ ದಿನ ಬೆಳಿಗ್ಗೆ ಡಬ್ಬಿಗೆ ಮೊಸರನ್ನ ತುಂಬಿ, ಶಾಲು, ನೀರಿನ ಬಾಟಲಿ, ರಿಪೋರ್ಟಿನ ಚೀಲ ಎಲ್ಲ ಬಾಗಿಲ ಹತ್ತಿರ ಇಟ್ಟೆ. ಕ್ಯಾಬ್ ಕೆಳಗೆ ಬಂದು ನಿಂತಿತ್ತು. ಇವರು ಬಾಲ್ಕನಿಯ ಗಾಜಿನ ಹಿಂದೆ ಪೇಪರ್ ಓದುತ್ತ ಕೂತಿದ್ದರು, ಕಾಲಲ್ಲಿ ಮನೆಯ ಚಪ್ಪಲಿ.

"ರೀ, ಏಳಿ. ಕ್ಯಾಬ್ ಬಂದಿದೆ."

"ಕ್ಯಾನ್ಸಲ್ ಮಾಡು."

"ಯಾಕೆ, ಸುಸ್ತಾಗ್ತಿದೆಯಾ?"

ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಅದನ್ನ ನಾನು ಕಾಶಿಯಲ್ಲಿ ಬಿಟ್ಟು ಬಂದೆ" ಎಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಏನನ್ನು ಎಂದು ಕೇಳಿದೆ. ಆ ಔಷಧಿಯನ್ನು, ಆ ಕುರ್ಚಿಯನ್ನು, ಆ ಸೂಜಿಯನ್ನು ಎಂದರು. ದನಿ ಏರಿಸಲಿಲ್ಲ. ಆಫೀಸಿನ ಯಾವುದೋ ಫೈಲು ಮುಗಿಸಿ ಕಳಿಸಿದ ವಿಷಯ ಹೇಳುವ ಹಾಗೆ ಹೇಳಿದರು. ಕೆಳಗಿನಿಂದ ಕ್ಯಾಬಿನವನು ಫೋನ್ ಮಾಡುತ್ತಲೇ ಇದ್ದ.

ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸ್ವಾರ್ಥಿ ಎಂದೆ. ಹೇಡಿ ಎಂದೆ. ಜನ ಕುಂಬಳಕಾಯಿ ಬಿಡುತ್ತಾರೆ, ಹಾಗಲಕಾಯಿ ಬಿಡುತ್ತಾರೆ, ಯಾರಾದರೂ ಜೀವ ಬಿಡುತ್ತಾರಾ ಎಂದು ಕೇಳಿದೆ. ಇವರು ಎಲ್ಲವನ್ನೂ ಕೇಳಿಸಿಕೊಂಡರು. ನಡುವೆ ಕೆಮ್ಮು ಬಂದು, ಕೆಮ್ಮು ನಿಂತ ಮೇಲೆ ಹೇಳಿದರು. "ಡಾಕ್ಟರು ಏನು ಹೇಳಿದ್ರು, ನೀನೂ ಕೇಳಿದ್ದೀಯ. ವಾಸಿಯಾಗುತ್ತೆ ಅಂತ ಹೇಳಲಿಲ್ಲ. ನೋಡೋಣ ಅಂದ್ರು. ನನಗೆ ಇರೋಷ್ಟು ದಿನ ಅನ್ನ ಅನ್ನದ ಹಾಗೆ ರುಚಿಸಬೇಕು ಕಣೇ. ಅಷ್ಟೇ."

"ಮತ್ತೆ ನಾನು? ನನಗೆ ನೀವು ಬೇಕಲ್ಲ. ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ ನಿಮಗೆ?"

"ನೀನೂ ಕೈ ಮುಟ್ಟಿದ್ದೆಯಲ್ಲ" ಎಂದರು.

ಅವರು ಅಣಕಿಸಲು ಹೇಳಿದ್ದಲ್ಲ. ನಿಜವಾಗಿ ನಂಬಿ ಹೇಳಿದ್ದು. ಮುಟ್ಟಿದ ಮೇಲೆ ಇಬ್ಬರದೂ ಅಂತ ನಮ್ಮಿಬ್ಬರಿಗೂ ಹೇಳಿಕೊಟ್ಟವರು ಒಂದೇ ಥರದ ಹಿರಿಯರು. ನಾನು ಅಲ್ಲಿ ಕೂತು ಚಹಾದ ಯೋಚನೆ ಮಾಡುತ್ತಿದ್ದಾಗ, ಇವರು ನನ್ನ ಒಪ್ಪಿಗೆಯನ್ನೂ ಸೇರಿಸಿಕೊಂಡು ಸಂಕಲ್ಪ ಮುಗಿಸಿದ್ದರು. ನನ್ನ ಕೈಯಿಂದಲೇ ನನ್ನ ಗಂಡನನ್ನು ನೀರಿಗೆ ಬಿಡಿಸಿದ್ದರು.

ಮಗಳು ಆವತ್ತೇ ಗುರುಗ್ರಾಮದಿಂದ ಓಡಿ ಬಂದಳು. ಶೂ ಬಿಚ್ಚದೆ ಇವರ ಮುಂದೆ ನೆಲದ ಮೇಲೆ ಕೂತು, "ಅಪ್ಪ, ದಿಸ್ ಈಸ್ ನಾಟ್ ಫೇರ್. ಆಪ್ ಐಸೇ ಕೈಸೇ ಡಿಸೈಡ್ ಮಾಡ್ಬಿಟ್ರಿ?" ಎಂದು ಅತ್ತಳು. ಇವರು ಅವಳ ತಲೆ ಸವರಿದರು, ಅಷ್ಟೇ. ಅವಳು ನನ್ನ ಕಡೆ ತಿರುಗಿ, "ಅಮ್ಮ, ನೀನು ಪಕ್ಕದಲ್ಲೇ ಇದ್ದೆ ನಾ? ನೀನು ಪೂಛಾ ಕ್ಯೂಂ ನಹೀ?" ಎಂದಳು. ಮನಸ್ಸಿನಲ್ಲಿ ನೆನೆಸಿಕೊಳ್ಳುವುದನ್ನು ಯಾರು ಕೇಳುತ್ತಾರೆ, ಕೇಳುವ ಪದ್ಧತಿ ಇಲ್ಲ ಎಂದೆ. ಅವಳಿಗೆ ಅದು ತಲೆಗೆ ಹೋಗಲಿಲ್ಲ.

ನಾನು ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹೊಸ ಔಷಧಿಯಿಂದ ಕೆಲವು ತಿಂಗಳು ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು, ಬಲವಂತ ಮಾಡಲಾಗದು ಎಂದರು. ಆ ಕೆಲವು ತಿಂಗಳು ನನಗೆ ಬೇಕಿತ್ತು. ದೇವರಾಣೆ ಬೇಕಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಕಾಶಿಯ ಪುರೋಹಿತರಿಗೆ ಫೋನ್ ಮಾಡಿದೆ. ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಏನಾದರೂ ದಾರಿ ಇದೆಯಾ ಎಂದು ಕೇಳಿದೆ. ಅವರು ಗಾಬರಿಯಾದರು. ತಾವು ಹಣ್ಣು, ತರಕಾರಿ ಅಂದುಕೊಂಡಿದ್ದಾಗಿ ಹೇಳಿದರು. ಆಮೇಲೆ ಸ್ವಲ್ಪ ಯೋಚಿಸಿ, "ದಂಪತಿ ಸೇರಿ ಬಿಟ್ಟದ್ದು, ಅಮ್ಮಾ. ಇಬ್ಬರೂ ಬಂದು ಕೇಳಿಕೊಂಡರೆ ಪರಿಹಾರ ಮಾಡಿಸಬಹುದು. ಒಬ್ಬರಿಂದ ಆಗೋದಲ್ಲ" ಎಂದರು.

ಅದೊಂದು ಎಳೆ ಸಿಕ್ಕಿದ್ದೇ ಸಾಕಾಯಿತು. ಮನೆಗೆ ಬಂದು, ಮತ್ತೆ ಕಾಶಿಗೆ ಹೋಗಿ ಬರೋಣ ಎಂದು ಇವರ ಬೆನ್ನು ಹತ್ತಿದೆ. ಮಾತು ಬಿಟ್ಟೆ, ಮತ್ತೆ ಮಾತಾಡಿದೆ. ಕಾಲು ಹಿಡಿದುಕೊಂಡೆ ಎಂದರೂ ಸುಳ್ಳಲ್ಲ. ಇವರಿಗೆ ಆಗಲೇ ಉಸಿರು ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಹುಳಿಯನ್ನ ತಿನ್ನುತ್ತ ನನ್ನ ಕಡೆ ನೋಡಿ ನಕ್ಕರು.

"ಬರ್ತೀನಿ ಮಾರಾಯ್ತಿ, ಕಾಶಿಗೆ ಬಂದೇ ಬರ್ತೀನಿ. ಮಡಕೆಯಲ್ಲಿ."

ನಾನು ಎದ್ದು ಹೋಗಿ ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ ಅತ್ತೆ. ಆಮೇಲೆ ಬಂದು, ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಎಂದು ಕೇಳಿದೆ. ಹಾಕು ಎಂದರು.

ಸುಳ್ಳು ಬರೆಯಬಾರದು. ಆ ಚಳಿಗಾಲದಲ್ಲಿ ಅವರು ಚೆನ್ನಾಗಿ ಉಂಡ ದಿನಗಳಿದ್ದವು. ಅವರೆಕಾಯಿ ಇಲ್ಲಿ ಸಿಗುವುದಿಲ್ಲವೆಂದು ನಾನು ಬಟಾಣಿ ಹಾಕಿ ಮಾಡಿದ ಉಪ್ಪಿಟ್ಟನ್ನು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು. ಹುಳಿಗೆ ಇಂಗು ಈಗ ಸರಿಯಾಗಿದೆ ಎಂದರು. ಆದರೆ ಆ ದಿನಗಳು ಬೇಗ ಮುಗಿದವು. ಜನವರಿಯ ಮಂಜಿನ ಜೊತೆ ಹೊಗೆ ಸೇರಿ ಕಿಟಕಿಯನ್ನೇ ತೆರೆಯಲಾಗದ ದಿನಗಳಲ್ಲಿ ಆಮ್ಲಜನಕದ ಯಂತ್ರ ಮನೆಗೆ ಬಂತು. ಹಗಲೂ ರಾತ್ರಿ ಅದು ಗುರ್‌ ಎನ್ನುತ್ತಿತ್ತು. ಕರೆಂಟ್ ಹೋದಾಗ ಸೊಸೈಟಿಯ ಜನರೇಟರ್ ಶುರುವಾಗುವವರೆಗೆ ನಾನು ಅವರ ಎದೆಯ ಮೇಲೆ ಕೈಯಿಟ್ಟು ನಿಂತಿರುತ್ತಿದ್ದೆ. ಹೋಳಿ ಮುಗಿಯುವ ಹೊತ್ತಿಗೆ ನೋವು ಬೆನ್ನಿಗೆ ಇಳಿಯಿತು. ಕಡೆಕಡೆಗೆ ಅನ್ನವೂ ಬೇಡವಾಯಿತು. ಯಾವ ರುಚಿಗಾಗಿ ಬಿಟ್ಟು ಬಂದಿದ್ದರೋ ಅದೂ ಹೋಯಿತು. ಒಂದು ಚಮಚ ತಿಳಿಸಾರು ಬಾಯಿಗಿಟ್ಟರೆ ಗದ್ದದ ಮೇಲೆ ಇಳಿಯುತ್ತಿತ್ತು. ಒಮ್ಮೆ ನನ್ನ ಕೈಹಿಡಿದು, "ಬೈಯೇ" ಎಂದರು. ನನಗೆ ಒಂದು ಬೈಗುಳವೂ ನೆನಪಿಗೆ ಬರಲಿಲ್ಲ.

ಬಿಸಿಗಾಳಿ ಬೀಸಲು ಶುರುವಾದ ಒಂದು ಮಧ್ಯಾಹ್ನ, ಯಂತ್ರ ಗುರ್‌ ಎನ್ನುತ್ತಿರುವಾಗಲೇ ಇವರ ಉಸಿರು ನಿಂತಿತು. ಹಿಂಡನ್ ನದಿಯ ದಡದ ಸ್ಮಶಾನದಲ್ಲಿ ಮಗಳೇ ಬೆಂಕಿ ಕೊಟ್ಟಳು. ಅಸ್ಥಿಯ ಮಡಕೆಗೆ ಕೆಂಪು ಬಟ್ಟೆ ಕಟ್ಟಿ ಅಲ್ಲಿನ ಕಪಾಟಿನಲ್ಲಿಟ್ಟು ಬಂದೆವು. ಅಕ್ಕಪಕ್ಕದ ಫ್ಲ್ಯಾಟಿನವರೆಲ್ಲ, ಅಸ್ಥಿ ಬಿಡಲು ಇಲ್ಲಿಯವರು ಹೋಗುವ ಗಢಗಂಗೆಯ ಘಾಟೇ ಹತ್ತಿರ, ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸು ಬರಬಹುದು ಎಂದರು. ಕಾಶಿಗೇ ಹೋಗಬೇಕು, ಮಾತು ಕೊಟ್ಟಿದ್ದಾರೆ ಎಂದೆ. ಯಾರು ಯಾರಿಗೆ ಕೊಟ್ಟದ್ದು ಎಂದು ಅವರು ಕೇಳಲಿಲ್ಲ.

ರೈಲಿನಲ್ಲಿ ಮಡಕೆ ಮಗಳ ತೊಡೆಯ ಮೇಲಿತ್ತು. ಕಿಟಕಿಯಾಚೆ ಕೊಯ್ದ ಗೋಧಿಯ ಹೊಲಗಳು ಬೋಳಾಗಿ ಓಡುತ್ತಿದ್ದವು. ಆಗ ನನ್ನ ಮನಸ್ಸಿಗೆ ಒಂದು ಯೋಚನೆ ಬಂತು. ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಸಕ್ಕರೆ ಕಾಯಿಲೆಯಿದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ನುಂಗುತ್ತೇನೆ. ಬಿಡುವುದಾದರೆ ನಾನೂ ಬಿಡಬಲ್ಲೆ, ನೀವೊಬ್ಬರೇ ಏನಲ್ಲ ಎಂದು ಆ ಮಡಕೆಯ ಕಡೆ ನೋಡಿ ಮನಸ್ಸಿನಲ್ಲೇ ಹೇಳಿಕೊಂಡೆ. ಒಂದು ಸಲ ಹೊಳೆದ ಮೇಲೆ ಆ ಯೋಚನೆ ಬಿಟ್ಟು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ಬಹಳ ಹಗುರವಾಯಿತು. ಮಗಳು ತಂದ ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡು ಕುಡಿದೆ. ಅವಳು ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡಿದಳು.

ಅದೇ ಪುರೋಹಿತರು, ಅದೇ ಘಾಟು. ಈ ಸಲ ಮಂಜಿರಲಿಲ್ಲ. ಬಿಸಿಲಿಗೆ ಕಲ್ಲು ಕಾದಿತ್ತು, ನದಿ ಇಳಿದು ಮೆಟ್ಟಿಲುಗಳಿಗೆ ಒಣಗಿದ ಕೆಸರು ಮೆತ್ತಿಕೊಂಡಿತ್ತು. ದೋಣಿಯಲ್ಲಿ ನಡುನೀರಿಗೆ ಹೋಗಿ ಮಗಳು ಮಡಕೆ ಬಿಟ್ಟಳು. ಬೂದಿ ಒಂದು ಗಳಿಗೆ ಬೆಳ್ಳಗೆ ತೇಲಿ ಬಗ್ಗಡದ ನೀರಿನಲ್ಲಿ ಬೆರೆಯಿತು. ದಡಕ್ಕೆ ಬಂದ ಮೇಲೆ ಪುರೋಹಿತರು ನನ್ನ ಮುಖ ನೋಡದೆ, "ಅಮ್ಮಾ, ನೀವು ಏನಾದರೂ ಬಿಡಬೇಕು ಅಂತಿದ್ದರೆ..." ಎಂದರು. ಬಿಡುತ್ತೇನೆ ಎಂದೆ. ಕೊಡೆಯ ಕೆಳಗೆ ಕೂತೆ. ಕೈಯಲ್ಲಿ ಅಕ್ಷತೆ, ಒಂದು ಬಾಳೆಹಣ್ಣು. ಎಡಕ್ಕೆ ಜಾಗ ಖಾಲಿ ಇತ್ತು.

"ಮಗೂ, ಅಮ್ಮನ ಕೈ ಮುಟ್ಟಿಕೋ" ಎಂದು ಪುರೋಹಿತರು ಮಗಳಿಗೆ ದರ್ಭೆ ಕೊಟ್ಟರು.

ನಾನು ಕಣ್ಣು ಮುಚ್ಚಿದೆ. ದರ್ಭೆಯ ತುದಿ ಕೈಗೆ ತಾಗಲಿಲ್ಲ. ಕಾದೆ. ತಾಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವಳು ದರ್ಭೆಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಏನು ಬಿಡ್ತಿದ್ದೀಯ?" ಎಂದಳು.

"ಮನಸ್ಸಿನಲ್ಲಿ ನೆನೆಸ್ಕೊಂಡ್ರೆ ಸಾಕು. ಮುಟ್ಟು."

"ನಹೀ. ಪೆಹಲೇ ಬತಾವೋ. ಜೋರಾಗಿ ಹೇಳು, ಅಮ್ಮ. ನೀನು ಹೇಳೋ ತನಕ ನಾನು ಮುಟ್ಟಲ್ಲ."

ಪುರೋಹಿತರು ಹಾಗೆ ಕೇಳುವ ಪದ್ಧತಿ ಇಲ್ಲ ಎಂದು ಶುರುಮಾಡಿ, ಅವಳ ಮುಖ ನೋಡಿ ಸುಮ್ಮನಾದರು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ನನ್ನ ಸಿಟ್ಟೇ, ಮೂಗಿನ ಹೊಳ್ಳೆ ಅರಳಿ, ಗದ್ದ ಮುಂದಕ್ಕೆ ಬಂದು. ನಾನು ಬಾಯಿ ತೆರೆದೆ. ರೈಲಿನಲ್ಲಿ ಅಷ್ಟು ಸಲೀಸಾಗಿ ಹೊಳೆದದ್ದು ಅವಳ ಎದುರಿಗೆ ಬಾಯಿಂದ ಹೊರಡಲಿಲ್ಲ. ಆ ಮಾತನ್ನು ಅವಳಿಗೆ ಹೇಗೆ ಹೇಳುವುದು? ಇವರೂ ಅದಕ್ಕೇ ಕಣ್ಣು ಮುಚ್ಚಿಕೊಂಡಿದ್ದರು ಎಂದು ಆಗ ತಿಳಿಯಿತು. ಬಾಯಿಬಿಟ್ಟು ಹೇಳಬೇಕಾಗಿ ಬಂದಿದ್ದರೆ ಅವರ ಕೈಲೂ ಆಗುತ್ತಿರಲಿಲ್ಲ.

"ಬದನೆಕಾಯಿ" ಎಂದೆ.

"ಪಕ್ಕಾ?"

"ಪಕ್ಕಾ."

"ಬರೀ ಬದನೆಕಾಯಿ? ಔರ್ ಕುಛ್ ನಹೀ?"

"ಬರೀ ಬದನೆಕಾಯಿ ಕಣೇ. ಮುಟ್ಟು."

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮುಷ್ಟಿ ಬಿಡಿಸಿದಳು. ದರ್ಭೆ ಅಷ್ಟರಲ್ಲಿ ನಲುಗಿ ಮುದುಡಿಹೋಗಿತ್ತು. ಅದನ್ನು ಬದಿಗಿಟ್ಟು, ನನ್ನ ಮಣಿಕಟ್ಟನ್ನು ಕೈಯಿಂದಲೇ ಗಟ್ಟಿಯಾಗಿ ಹಿಡಿದುಕೊಂಡಳು. ಪುರೋಹಿತರು ಬೇಡ ಅನ್ನಲಿಲ್ಲ. ನಾನು ಬಾಳೆಹಣ್ಣನ್ನು ನೀರಿಗೆ ಬಿಟ್ಟೆ.

ಬದನೆಕಾಯಿ ನನ್ನ ಪ್ರಾಣ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಈಗಲೂ ತರಕಾರಿ ಭಯ್ಯಾ ಎಳೆಯ ಗುಂಡುಬದನೆ ಬಂದಿದೆ ಆಂಟಿ ಎಂದು ಎತ್ತಿ ತೋರಿಸುತ್ತಾನೆ, ನಾನು ಬೇಡ ಎಂದು ಹೇಳಿ ಬೆಂಡೆಕಾಯಿ ಆರಿಸುತ್ತೇನೆ. ಮನೆಗೆ ಬಂದು ಒಬ್ಬಳಿಗೇ ಅಡುಗೆ ಮಾಡುತ್ತೇನೆ. ಮಗಳು ದಿನಾ ಬೆಳಿಗ್ಗೆ ಫೋನ್ ಮಾಡಿ ಮಾತ್ರೆ ತಗೊಂಡೆಯಾ ಎಂದು ಕೇಳುತ್ತಾಳೆ. ತಗೊಂಡೆ ಎನ್ನುತ್ತೇನೆ. ಸುಳ್ಳಲ್ಲ, ತೆಗೆದುಕೊಂಡೇ ಇರುತ್ತೇನೆ. ಇವರ ಫೋಟೋ ಎದುರಿಗೆ ನಿಂತು, ಒಂದು ಲೋಟ ನೀರು ಹಿಡಿದು, ಸಿಟ್ಟಿನಿಂದಲೇ ನುಂಗುತ್ತೇನೆ.